ಗುರುಬಸಮ್ಮನನ್ನು ಕೂಸೆಂದು ಅಳೆದ ಟೇಪಿಗೆ

ಆದವಾನಿ,
೧೨ ಫೆಬ್ರವರಿ ೧೯೫೫

ಮಾನ್ಯರಾದ ಅಳತೆಯ ಟೇಪಿನವರೇ,

ಚರ್ಮದ ಡಬ್ಬಿಯೊಳಗೆ ಸುರುಳಿಯಾಗಿ ವಿರಮಿಸುತ್ತಿರುವ ತಮ್ಮ ಸನ್ನಿಧಿಗೆ ಹತ್ತಿ ವ್ಯಾಪಾರಿ ಗುರುಪಾದಯ್ಯನ ಶರಣಾರ್ಥಿಗಳು. ತಮ್ಮನ್ನು ಎಳೆದಾಡುವ ಸಾಹೇಬರಿಗೆ ಮೂರು ಅರ್ಜಿ ಬರೆದೆ, ಉತ್ತರ ಬರಲಿಲ್ಲ. ತಾವಾದರೂ ಬಟ್ಟೆಯಿಂದ ಹುಟ್ಟಿದವರು, ಹತ್ತಿಯ ಊರಿನವರ ಮಾತು ಕೇಳೀರೆಂದು ಈ ಬಹಿರಂಗ ಪತ್ರ.

ಊರ ಹಳೆಯ ರುದ್ರಭೂಮಿಯಲ್ಲಿ ನಮ್ಮ ಹಿರಿಯರು ಮಲಗಿಲ್ಲ, ಕೂತಿದ್ದಾರೆ. ಹೊಳಗುಂದದಿಂದ ಬಂದ ಜಂಗಮರೊಬ್ಬರು ಮೊದಲು ಕೂತರಂತೆ. ಆಮೇಲೆ ಪ್ಲೇಗು ಬಂದ ವರ್ಷ ಸಾಲುಸಾಲಾಗಿ ಕೂತರು. ಬಳ್ಳಾರಿ ಜಿಲ್ಲೆಯಲ್ಲಿ ಕೂತವರು ಒಂದಿಂಚೂ ಕದಲದೆ ಆಂಧ್ರ ರಾಜ್ಯದ ಕರ್ನೂಲು ಜಿಲ್ಲೆಗೆ ಬಂದು ಸೇರಿದಾಗಲೂ ಅವರಲ್ಲಿ ಯಾರೂ ತಕರಾರು ಎತ್ತಲಿಲ್ಲ. ಕೂರಿಸಿ ಹೂಳಿದವರಿಗೆ ಚೌಕ ಕುಣಿ ಸಾಕು. ಆದ್ದರಿಂದ ಮೇಲಿನ ಕಟ್ಟೆಯೂ ಮೂರೇ ಅಡಿ.

ಹತ್ತಿ ಬಂಡಿಗಳ ದಾರಿ ಅಗಲಿಸಲು ಬಂದ ತಾವು ಆ ಮೂರಡಿಯನ್ನು ಲೋಪವಿಲ್ಲದೆ ಅಳೆದಿರಿ. ಸಮುದ್ರದ ಕಡೆಯಿಂದ ವರ್ಗವಾಗಿ ಬಂದ ಸಾಹೇಬರು, ನಾಲ್ಕಡಿಗಿಂತ ಕಿರಿದಾದುದೆಲ್ಲ ಮಕ್ಕಳ ಸಮಾಧಿಯೆಂದೂ, ಅವನ್ನು ಸೋಮವಾರ ನೆಲಸಮ ಮಾಡಬಹುದೆಂದೂ ಬರೆದುಕೊಂಡರು. ಕುಣಿ ತೋಡುವ ಮಾರೆಣ್ಣ ಒಂದು ಕಟ್ಟೆಯ ಮುಂದೆ ನಿಂತು ಕೈಮುಗಿದು, "ಸಾಹೇಬ್ರ, ಆಕಿ ಮಲಗಿಲ್ರಿ, ಕುಂತಾಳ! ಉದ್ದ ಯಾಕ ನೋಡ್ತೀರಿ, ಆಳ ನೋಡ್ರಿ. ನಮ್ಮಪ್ಪ ತೋಡಿದ್ದು, ಎರಡಾಳುದ್ದ ಐತಿ" ಎಂದ. ಸಾಹೇಬರು ಟೋಪಿ ತೆಗೆದು, ಪಾಪ, ಕೂರುವುದನ್ನು ಆಗಲೇ ಕಲಿತಿದ್ದ ಕೂಸೇ ಎಂದು ತೆಲುಗಿನಲ್ಲಿ ಮರುಗಿದರು.

ಆ ಕೂಸು ನನ್ನ ಅಜ್ಜಿ ಗುರುಬಸಮ್ಮ. ಎಂಬತ್ತೊಂದು ವರ್ಷ ಬದುಕಿ, ಒಂಬತ್ತು ಹೆತ್ತು, ತಾಯಿಯಿಲ್ಲದ ನನ್ನನ್ನು ಹತ್ತನೆಯವನೆಂದು ಸಾಕಿದವಳು. ಯಾವ ವೈದ್ಯರಿಗೂ ಇಳಿಸಲಾಗದ ಆಕೆಯ ಮುಪ್ಪನ್ನು ತಾವು ಒಂದೇ ಎಳೆತಕ್ಕೆ ಇಳಿಸಿದಿರಿ. ಹಾಗಿರುವಾಗ ಆಕೆಯನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳುವಂತೆ ಒಂದು ಪ್ರಮಾಣಪತ್ರವನ್ನೂ ದಯಪಾಲಿಸಬೇಕು. ತೆಲುಗಿನಲ್ಲಿ ಕಲಿಸಿದರೂ ಅಡ್ಡಿಯಿಲ್ಲ, ಹತ್ತಿಯ ಚೌಕಾಸಿಯನ್ನೆಲ್ಲ ಆಕೆ ತೆಲುಗಿನಲ್ಲೇ ಮಾಡುತ್ತಿದ್ದಳು, ಬೈಯುವುದಕ್ಕೆ ಮಾತ್ರ ಕನ್ನಡ. ಕೂಸಿನ ಮೊಮ್ಮಗನಾದ ನನ್ನ ವಯಸ್ಸು ಈಗ ಎಷ್ಟೆಂಬುದನ್ನೂ ಅಳೆದು ತಿಳಿಸಬೇಕು. ಇದಾವುದೂ ಆಗದಿದ್ದರೆ, ಒಂದೇ ಒಂದು ಸಲ ಕೆಳಮುಖವಾಗಿ ಇಳಿದು ಅಳೆಯುವ ಕೃಪೆ ಮಾಡಿ. ತಳದಲ್ಲಿ ಪೂರ್ತಿ ಬೆಳೆದ ಹೆಂಗಸೊಬ್ಬಳು ಕೂತಿದ್ದಾಳೆ. ಆಕೆಯ ತಲೆಯ ಮೇಲೆ ಬಂಡಿ ಓಡಬಾರದು.

ತಮ್ಮ ಒಂದೊಂದು ಇಂಚಿಗೂ ತಲೆಬಾಗುವ,
ತಮ್ಮ ವಿಶ್ವಾಸಿ,
ಗುರುಪಾದಯ್ಯ

ಮರೆತ ಮಾತು: ತಮ್ಮ ಉತ್ತರ ತಡವಾದೀತೆಂದು ಮೊನ್ನೆಯೇ ಮಾರೆಣ್ಣನೂ ನಾನೂ ಸೇರಿ ಅಜ್ಜಿಯ ಕಟ್ಟೆಯನ್ನು ಆರಡಿಗೆ ಬೆಳೆಸಿದ್ದೇವೆ. ಗಾರೆ ಒಣಗಿದೆ, ಸೋಮವಾರ ಧಾರಾಳವಾಗಿ ಅಳೆಯಿರಿ. ಅಜ್ಜಿಗೆ ಮೂರಡಿ ಸಾಕು. ಉಳಿದ ಮೂರಡಿಯನ್ನು ಸಾಹೇಬರಿಗೆಂದು ಕಾದಿರಿಸಿದ್ದೇವೆ. ಅಷ್ಟು ಜಾಗದಲ್ಲಿ ಮಲಗಲು ಆಗದು. ಕೂರುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಲು ಹೇಳಿ.