ಹಂಗೇರಿ ಹುಲಿಗೆ ಹೋಳಿಗೆ ಊಟ

ರವಿವಾರ ಬೆಳಿಗ್ಗೆ ಹಾಲು ತರಲು ಹೊರಟ ಉಳವಪ್ಪ ಕೇಶ್ವಾಪುರದ ಸರ್ಕಲ್ಲಿನಲ್ಲಿ ಹೊಸ ಫ್ಲೆಕ್ಸ್ ನೋಡಿ ಗರಬಡಿದವನಂತೆ ನಿಂತ. ನಿನ್ನೆಯವರೆಗೆ ಅಲ್ಲಿ ಅವನ ಮುಖವಿತ್ತು. ಇವತ್ತು ಯಾರೋ ಬಿಳಿಯ ಮನುಷ್ಯ ಹಲ್ಲು ಕಿಸಿಯುತ್ತಿದ್ದ. ಕೆಳಗೆ, ‘ಹದಿನಾಲ್ಕು ವರ್ಷ ಪ್ರೊಫೆಶನಲ್ ಗೋಲ್‌ಕೀಪರ್ ಆಗಿದ್ದ ಹಂಗೇರಿಯ ಹುಲಿ ತಿಬೋರ್ ಅವರಿಗೆ ಸುಸ್ವಾಗತ!’

ಕೇಶ್ವಾಪುರ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್ ಉಳವಪ್ಪನೇ. ಸಂಜೆ ಫೈನಲ್. ಅದನ್ನು ನೋಡಲೆಂದೇ ಮಾವ ಮುರುಗೆಪ್ಪನವರು ಊರಿನಿಂದ ಬಂದು ಮನೆಯಲ್ಲಿ ಕೂತಿದ್ದರು. “ಎಲ್ಲಾರೂ ಕಾಲಾಗ ಆಡೂ ಆಟದಾಗ ನಮ್ಮ ಅಳಿಯ ಕೈಯಾಗ ಆಡ್ತಾನಂತ, ನೋಡೂಣು” ಎಂದು ಓಣಿಗೆಲ್ಲ ಹೇಳಿಯೂ ಆಗಿತ್ತು. ಇನ್ನು ಅವರೆದುರು ಮರ್ಯಾದೆ ಉಳಿಯುವುದು ಹೇಗೆ?

ಮನೆಗೆ ಬಂದರೆ ಹುಲಿ ಪಡಸಾಲೆಯಲ್ಲೇ ಕೂತಿತ್ತು. ಪಕ್ಕದಲ್ಲಿ ಕ್ಲಬ್ಬಿನ ಅಧ್ಯಕ್ಷ, ಹತ್ತಿ ವ್ಯಾಪಾರಿ ರಾಜಶೇಖರ. “ಖಾದಿ ಖರೀದಿ ಮಾಡಾಕ ಗರಗಕ್ಕ ಬಂದಿದ್ರು. ದೊಡ್ಡ ಕೀಪರ್ ಅಂತ ಗೊತ್ತಾತು, ಎತ್ತಾಕ್ಕೊಂಡು ಬಂದೆ. ಇವತ್ತ ನಿನಗ ರೆಸ್ಟು. ಸಂಜಿತನಕ ಛಲೋ ನೋಡ್ಕೋ ಉಳವ್ಯಾ” ಎಂದವನೇ ಕಾರು ಹತ್ತಿದ.

ಉಳವಪ್ಪನ ಹೊಟ್ಟೆ ಉರಿಯಿತು. ಅಡುಗೆಮನೆಯಲ್ಲಿ ಹೆಂಡತಿ ದಾಕ್ಷಾಯಿಣಿ ಅಪ್ಪನಿಗಾಗಿ ಹೋಳಿಗೆ ಬೇಯಿಸುತ್ತಿದ್ದಳು. ಅದರ ವಾಸನೆಗೆ ಉಪಾಯ ಹೊಳೆಯಿತು. ಹುಲಿಯ ಹೊಟ್ಟೆ ತುಂಬಿಸಿದರೆ ಅದು ಜಿಗಿಯುವುದಾದರೂ ಹೇಗೆ?

ತಿಬೋರ್ ಬೆರಳೆತ್ತಿ “ಐ ಆ್ಯಮ್…” ಎಂದ. ಬಾಯಿ ತೆರೆದದ್ದೇ ತಡ, ಗಂಡನ ಮಾತಿಗೆ ತಾಟು ಹಿಡಿದು ಬಂದಿದ್ದ ದಾಕ್ಷಾಯಿಣಿ ತುಪ್ಪದಲ್ಲಿ ಅದ್ದಿದ ಹೋಳಿಗೆಯ ತುತ್ತನ್ನು ಬಾಯಿಗೇ ಇಟ್ಟಳು. “ನಾಚ್ಕೋಬ್ಯಾಡ್ರಿ ಅಣ್ಣಾರ. ಒಂದs ಒಂದು!”

ಒಂದು ಐದಾಯಿತು. ಉಳವಪ್ಪ ಅವನನ್ನು ಓಣಿಗೆ ಇಳಿಸಿದ. ಮುಂದೆ ತಾನು ಏನೂ ಮಾಡಬೇಕಾಗಿ ಬರಲಿಲ್ಲ. ಪಕ್ಕದ ಮನೆಯ ಶೇವಂತೆವ್ವ ಕೈ ಹಿಡಿದು ಒಳಗೆಳೆದು ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದಳು. ಎದುರುಮನೆಯ ಮೀರಾಬಿ ಬಟ್ಟಲ ತುಂಬ ಹಾಲು-ಶಾವಿಗೆಯ ಸುರಕುಂಬಾ ಸುರಿದಳು. ಪ್ರತಿ ಮನೆಯಲ್ಲೂ ತಿಬೋರ್ ತಲೆ ಅಲ್ಲಾಡಿಸಿ “ಐ ಆ್ಯಮ್…” ಎನ್ನುವನು. ಪಾಪ, ನಾಚಿಕೆಯ ಮನುಷ್ಯ ಎಂದು ಅವರು ಇನ್ನೊಂದು ತುತ್ತು ತುರುಕುವರು.

ಆದರೆ ಉಳವಪ್ಪ ಒಂದು ಸಂಗತಿ ಮರೆತಿದ್ದ.

“ಬಂದವರನ್ನ ಒಬ್ಬರನ್ನs ಉಣ್ಣಾಕ ಬಿಟ್ಟು ನೀ ಮಾರಿ ನೋಡ್ಕೋತ ಕೂಡ್ತಿಯೇನೋ? ಅವರಿಗೆ ಹ್ಯಾಂಗ ಗಂಟಲದಾಗ ಇಳೀಬೇಕು?” ಎಂದು ಶೇವಂತೆವ್ವ ಗದರಿಸಿ ಅವನಿಗೂ ತಾಟು ಹಾಕಿದಳು. ಮೀರಾಬಿಯೂ ಬಿಡಲಿಲ್ಲ. ಹುಲಿ ತಿಂದಷ್ಟನ್ನೂ ಉಳವಪ್ಪ ತಿಂದ.

ಸಂಜೆ ಅವನ ಬೂಟಿನ ಲೇಸನ್ನು ದಾಕ್ಷಾಯಿಣಿ ಕಟ್ಟಿದಳು. ಮೈದಾನದಲ್ಲಿ ತಿಬೋರ್ ಹೊಟ್ಟೆ ಹಿಡಿದು ಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ. ರಾಜಶೇಖರ ಹಣೆ ಹಣೆ ಬಡಿದುಕೊಂಡ. “ಉಳವ್ಯಾ, ಲಗೂನ ಗ್ಲೌಸ್ ಹಾಕ್ಕೋ!”

ಉಳವಪ್ಪನಿಗೆ ಸ್ವರ್ಗ ಮೂರೇ ಗೇಣು. ಮಾವನಿಗೆ ಕೈ ಬೀಸಿ ಗೋಲಿನಲ್ಲಿ ನಿಂತ. ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಗೆ ಬಂತು. ಆಗ ಎದುರಾಳಿಯ ಕಾಲಿಗೆ ತಗುಲಿದ ಚೆಂಡು, ಊಟ ಮುಗಿಸಿ ಅಡ್ಡಾಡಲು ಹೊರಟ ಅಜ್ಜನಂತೆ, ಸಾವಕಾಶವಾಗಿ ಉರುಳುತ್ತ ಬಂತು. ಉಳವಪ್ಪ ಬಗ್ಗಲು ನೋಡಿದ. ಹೊಟ್ಟೆ ಒಪ್ಪಲಿಲ್ಲ. ಚೆಂಡು ಅವನ ಕಾಲುಗಳ ನಡುವೆಯೇ ಒಳಗೆ ಹೋಯಿತು. ಆಟ ಮುಗಿದ ಸೀಟಿ ಕೇಳಿಸಿತು.

“ಕೈಯಾಗೂ ಆಡೂದಿಲ್ಲಲ್ಲೋ ಇಂವಾ!” ಎಂದು ಮುರುಗೆಪ್ಪನವರು ಎಲ್ಲರಿಗೂ ಕೇಳುವಂತೆ ಅಂದರು.

ಉಳವಪ್ಪ ಬೆಂಚಿನ ಹತ್ತಿರ ಬಂದಾಗ ಓಣಿಯ ಇಂಗ್ಲಿಷ್ ಲೆಕ್ಚರರ್ ಸಂಘಮಿತ್ರಾ ತಿಬೋರನೊಡನೆ ಮಾತಿಗೆ ಕೂತಿದ್ದಳು. ಬಾಯಿ ಖಾಲಿ ಸಿಕ್ಕಿದ್ದೇ ತಡ ಅವನು ಒಂದೇ ಸಮನೆ ಮಾತಾಡುತ್ತಿದ್ದ. ಅವಳು ನಗುತ್ತಲೇ ಹೇಳಿದಳು:

“ಹದಿನಾಲ್ಕು ವರ್ಷ ಖರೇ ಅಂತ್ರಿ ಉಳವಪ್ಪಣ್ಣಾರ. ಆದ್ರ ಹೋದ ಕ್ಲಬ್ಬಿನಾಗೆಲ್ಲಾ ಇವರು ಎರಡನೇ ಕೀಪರು. ಒಂದ್ ಮ್ಯಾಚೂ ಆಡಿಲ್ಲಂತ. ಬೆಂಚಿನ ಮ್ಯಾಲೇ ಕೂತು ರಿಟೈರ್ ಆಗ್ಯಾರ. ‘ನನಗ ಚೆಂಡು ಅಂದ್ರ ಅಂಜಿಕಿ, ನಾ ಆಡೂದಿಲ್ಲ, ನಿಮ್ಮವರನ್ನs ಆಡಸ್ರಿ’ ಅಂತ ಹೇಳಾಕ ಮುಂಜಾನಿಂದ ಬಾಯಿ ತೆಗದಾರ. ತೆಗದಾಗೊಮ್ಮೆ ನೀವು ಹೋಳಿಗಿ ತುರಕೀರಿ!”

ಉಳವಪ್ಪನಿಗೆ ಅಳುವೇ ಬಂತು. ಅಷ್ಟರಲ್ಲಿ ರಾಜಶೇಖರ ಗ್ಲೌಸ್ ಕಸಿದುಕೊಂಡ. “ಮುಂದಿನ ಮ್ಯಾಚಿಗೆ ಬ್ಯಾರೇವ್ನ ನಿಂದರಸ್ತೇನಿ. ನೀ ಇಲ್ಲೇ ಬೆಂಚಿನ ಮ್ಯಾಲೆ ಕೂಡು!”

ತಿಬೋರ್ ಸಂತೋಷದಿಂದ ಸರಿದು ಜಾಗ ಮಾಡಿಕೊಟ್ಟ. ದಾಕ್ಷಾಯಿಣಿ ಕಟ್ಟಿಕೊಟ್ಟಿದ್ದ ಹೋಳಿಗೆಯ ಪೊಟ್ಟಣವನ್ನು ಚೀಲದಿಂದ ತೆಗೆದು ಬಿಚ್ಚಿ, ಬೆಳಗಿನಿಂದ ಕಲಿತಿದ್ದ ಅಷ್ಟೂ ಕನ್ನಡವನ್ನು ಒಮ್ಮೆಗೇ ಹೇಳಿದ:

“ನಾಚ್ಕೋಬ್ಯಾಡ್ರಿ ಅಣ್ಣಾರ. ಒಂದs ಒಂದು!”