ಬೆಟ್ಟ ಹೊಡೆದ ಗಂಟೆ

ಪರೀಕ್ಷೆಯಲ್ಲಿ ಹೊತ್ತನ್ನು ಅಳೆದು ಬಳಸಬೇಕೆಂದು ನನ್ನ ವಿದ್ಯಾರ್ಥಿನಿಯರಿಗೆ ವರ್ಷವಿಡೀ ಹೇಳುತ್ತೇನೆ. ಹೇಳುವಾಗ ಮುಖ ಗಂಭೀರವಾಗಿರುತ್ತದೆ, ಬಿ.ಎ. ಮಾಡಿದ ಹೆಂಗಸಿನಿಂದ ಜನ ಅಷ್ಟನ್ನಾದರೂ ನಿರೀಕ್ಷಿಸುತ್ತಾರೆ. ಆದರೆ ಚಿತ್ರದುರ್ಗದಲ್ಲಿ ನನ್ನ ಲೆಕ್ಕದಿಂದ ಒಂದು ಗಂಟೆ ಎಲ್ಲಿಗೋ ಹೋಗಿತ್ತೆಂಬುದನ್ನು ಈವರೆಗೆ ಅವರಾರಿಗೂ ಹೇಳಿಲ್ಲ.

ಆಗ ನನಗೆ ಹದಿಮೂರು. ಲೋವರ್ ಸೆಕೆಂಡರಿ ಪರೀಕ್ಷೆಗೆಂದು ಹಿರಿಯೂರಿನಿಂದ ಗಾಡಿಯಲ್ಲಿ ದುರ್ಗಕ್ಕೆ ಬಂದು ಸೋದರತ್ತೆಯ ಮನೆಯಲ್ಲಿ ಉಳಿದಿದ್ದೆ. ಪಾಸಾದರೆ ಮೈಸೂರಿಗೆ ಓದಲು ಕಳಿಸುತ್ತೇನೆಂದು ಅಪ್ಪ ಒಪ್ಪಿದ್ದರು. ಇಲ್ಲದಿದ್ದರೆ ಮದುವೆ. ಬಿ.ದುರ್ಗವೆಂಬ ಹಳ್ಳಿಯ ಗಂಡಿನವರು ಆಗಲೇ ಒಮ್ಮೆ ಬಂದು ನನ್ನ ಕೈಯ ರೊಟ್ಟಿ ತಿಂದು ಹೋಗಿದ್ದರು. ರೊಟ್ಟಿ ಚೆನ್ನಾಗಿತ್ತು, ಅದೇ ನನ್ನ ಹೆದರಿಕೆ.

ದುರ್ಗದಲ್ಲಿ ಊರಿಗೆಲ್ಲ ಹೊತ್ತು ಹೇಳುವುದು ಸರ್ಕಾರಿ ಖಜಾನೆಯ ಗಂಟೆ. ಪಹರೆಯವನು ಅದನ್ನು ಹೊಡೆದು ಮುಗಿಸಿದ ಮೇಲೆ ಕೋಟೆಯ ಬಂಡೆಗಳು ಅಷ್ಟನ್ನೇ ತಿರುಗಿ ಹೊಡೆಯುತ್ತವೆ. ಅಷ್ಟು ಹೊತ್ತು ಅತ್ತೆಯ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅನ್ನ ಕಲಸುವ ಕೈ ಕೂಡ ನಿಲ್ಲುತ್ತಿತ್ತು.

"ಬೆಟ್ಟದ್ದು ಎಣಿಸಬ್ಯಾಡ ಕಣವ್ವ," ಎಂದರು ಅತ್ತೆ. "ಮ್ಯಾಲೆ ಒಬ್ಬ ಕಾವಲಿನವ ಅದಾನೆ. ಎಣಿಸಿದರ ಹೊತ್ತು ಅವನ ಪಾಲು."

"ಅದು ಬರೀ ಪ್ರತಿಧ್ವನಿ ಅತ್ತೆ."

"ಹೆಸರು ಏನಾರ ಇರ್ಲಿ. ನೀ ಎಣಿಸಬ್ಯಾಡ."

ಮರುದಿನ ಹನ್ನೊಂದರಿಂದ ಎರಡರವರೆಗೆ ಗಣಿತ. ಹನ್ನೆರಡು ಲೆಕ್ಕ, ಒಂದೊಂದಕ್ಕೆ ಕಾಲು ಗಂಟೆ ಎಂದು ಹಂಚಿಕೊಂಡೆ. ಇಡೀ ಕೋಣೆಗೆ ನಾನೊಬ್ಬಳೇ ಹುಡುಗಿ. ಕಿಟಕಿಯ ಪಕ್ಕ ಕೂರಿಸಿದ್ದರು. ಕಿಟಕಿಯ ತುಂಬ ಬೆಟ್ಟ. ಬೆಂಕಿಯಂಥ ಬಿಸಿಲು, ಒಂದು ಹಕ್ಕಿಯೂ ಇಲ್ಲ. ಬಂಡೆಗಳೆಲ್ಲ ನನ್ನ ಕಾಗದದತ್ತ ಬಗ್ಗಿ ನೋಡುವಂತಿದ್ದವು. ಎಂಟನೆಯ ಲೆಕ್ಕದ ತೊಟ್ಟಿಗೆ ಎರಡು ನಳಗಳಿಂದ ನೀರು ತುಂಬುತ್ತಿತ್ತು, ಮೂರನೆಯದರಿಂದ ಸೋರುತ್ತಿತ್ತು. ನಾನು ಆ ತೊಟ್ಟಿಯಲ್ಲಿ ಮುಳುಗಿದ್ದಾಗ ಗಂಟೆ ಹೊಡೆಯಿತು. ಒಂದು. ಸ್ವಲ್ಪ ತಡೆದು, ಎರಡು.

ಎರಡು! ಐದು ಲೆಕ್ಕ ಉಳಿದಿದ್ದವು. ಮೂಗಿಗೆ ರೊಟ್ಟಿಯ ವಾಸನೆ ಬಂತು. ಎದ್ದು ಉತ್ತರಪತ್ರಿಕೆಯನ್ನು ಮೇಷ್ಟರಿಗೆ ಚಾಚಿದೆ.

ಅವರು ಜೇಬಿನ ಗಡಿಯಾರ ನೋಡಿದರು. "ಯಾಕಮ್ಮ? ಈಗ ಒಂದು ಗಂಟೆ. ಕುಂತ್ಕ."

"ಎರಡು ಹೊಡೀತಲ್ಲ, ಸಾರ್?"

"ಹಿರಿಯೂರ್ನೋರಿಗೆ ಒಂದು ಎರಡೂ ಬರಲ್ಲ ಕಣ್ಲೇ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಕೋಣೆಯೆಲ್ಲ ನಕ್ಕಿತು. ಮೇಷ್ಟರು ಮಾತ್ರ ನಗಲಿಲ್ಲ. ಬೆಟ್ಟದ ಕಡೆ ಒಮ್ಮೆ ನೋಡಿ, "ಅದನ್ನ ಎಣಿಸಬಾರದಿತ್ತು," ಎಂದು ಮೆಲ್ಲಗೆ ಅಂದರು.

ಕಳೆದುಕೊಂಡೆನೆಂದುಕೊಂಡಿದ್ದ ಗಂಟೆ ಮತ್ತೆ ಕೈಗೆ ಬಂದಾಗ ಅದನ್ನು ಹಂಚಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಯಾರೋ ಅಟ್ಟಿಸಿಕೊಂಡು ಬಂದಂತೆ ಬರೆದೆ. ಹನ್ನೆರಡೂ ಮುಗಿದವು. ಆಗ ಖಜಾನೆ ಎರಡು ಹೊಡೆಯಿತು. ಬೆಟ್ಟ ಒಂದೇ ಹೊಡೆದು ಸುಮ್ಮನಾಯಿತು.

ಮನೆಗೆ ಬಂದು ಹೇಳಿದೆ. ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಒಂದು ಇಟ್ಕಂಡಾನೆ. ಹೋಗ್ಲಿ ಬಿಡು, ಕೈಕಾಲು ತೊಳ್ಕ."

ಪಾಸಾದೆ, ಮೈಸೂರಿನಲ್ಲಿ ಓದಿದೆ. ಶಬ್ದ ಹೇಗೆ ಮರಳುತ್ತದೆಂಬುದನ್ನು ಪುಸ್ತಕದಲ್ಲಿ ಹುಡುಕಿ ಓದಿದೆ. ಪ್ರತಿಧ್ವನಿ ತಡವಾಗಿ ಬರಬಹುದು, ಕ್ಷೀಣಿಸಬಹುದು. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳುವ ವಿಷಯ ಅಲ್ಲಿರಲಿಲ್ಲ.

ಈ ಸಲ ಅದೇ ಪರೀಕ್ಷೆಗೆ, ಅದೇ ಕೋಣೆಗೆ ನನ್ನನ್ನೇ ಮೇಲ್ವಿಚಾರಕಿಯಾಗಿ ಹಾಕಿದ್ದರು. ಕೈಯಲ್ಲಿ ಸ್ವಂತ ಗಡಿಯಾರ. ಖಜಾನೆ ಎರಡು ಹೊಡೆದ ಕೂಡಲೇ, "ಬರೆಯುವುದನ್ನು ನಿಲ್ಲಿಸಿ," ಎಂದೆ. ಕಿಟಕಿಯ ಪಕ್ಕದ ಹುಡುಗಿಯ ಕೊನೆಯ ಲೆಕ್ಕದಲ್ಲಿ ಉತ್ತರದ ಸಾಲೊಂದೇ ಬಾಕಿ ಇತ್ತು. ಅವಳು ತಲೆ ಎತ್ತದೆ, "ಬೆಟ್ಟದ್ದು ಇನ್ನೂ ಆಗಿಲ್ರೀ, ಅಕ್ಕಾರೆ," ಎಂದಳು.

ನಿಯಮದಲ್ಲಿ ಬೆಟ್ಟ ಇಲ್ಲ. ಆದರೂ ನಾನು ಚಾಚಿದ ಕೈಯನ್ನು ಹಿಂದೆಗೆದುಕೊಂಡು ನಿಂತೆ. ಬೆಟ್ಟ ಒಂದು ಹೊಡೆಯಿತು. ಎರಡು ಹೊಡೆಯಿತು. ಹುಡುಗಿ ಉತ್ತರ ಬರೆದು, ಕೆಳಗೆ ಗೆರೆ ಎಳೆದು, ಲೇಖನಿ ಕೆಳಗಿಟ್ಟಳು. ಆಮೇಲೆ ಬೆಟ್ಟ, ತುಂಬ ಹೊತ್ತು ಯೋಚಿಸಿದವರ ಹಾಗೆ, ಮೂರನೆಯದನ್ನೂ ಹೊಡೆಯಿತು.

ಪರೀಕ್ಷೆ ಸರಿಯಾಗಿ ಎರಡು ಗಂಟೆಗೆ ಮುಗಿಯಿತೆಂದು ವರದಿ ಬರೆದು ಸಹಿ ಹಾಕಿದೆ. ಮೂರನ್ನೂ ಎಣಿಸಿದ್ದು ನಾನೊಬ್ಬಳೇ ಎಂದು ಕಾಣುತ್ತದೆ.