ನೆಂಟರನ್ನೆಲ್ಲ ಅಳಿಸಿದ ಪುಟ್ಟ ಡೇಟಾಬೇಸಿಗೆ

ಮಾನ್ಯರೇ,

ನನ್ನ ಫೋನಿನ ಮೂಲೆಯಲ್ಲಿ, ಒಂದೇ ಒಂದು ಫೈಲಿನೊಳಗೆ, ಬಾಡಿಗೆಯಿಲ್ಲದೆ ಸಂಸಾರ ಹೂಡಿರುವ ತಮಗೆ, ಮದುವೆಯಾಗಿ ಐವತ್ತೆರಡು ದಿನವಷ್ಟೇ ಆಗಿರುವ ಹೆಣ್ಣುಮಗಳೊಬ್ಬಳ ಸಾವಿರ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವೂ ಕ್ಷೇಮವೆಂದೇ ನಂಬಿದ್ದೇನೆ. ಒಳಗೆ ಈಗ ಒಬ್ಬರೇ ಉಳಿದಿರುವುದರಿಂದ ತಮಗೆ ಗಾಳಿ ಬೆಳಕಿಗಂತೂ ಕೊರತೆಯಿರಲಾರದು.

ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಲೋಕದ ಗಂಡಸರೆಲ್ಲ ಅಂಕಲ್, ಹೆಂಗಸರೆಲ್ಲ ಆಂಟಿ. ಆ ಎರಡೇ ಶಬ್ದಗಳಲ್ಲಿ ಇಪ್ಪತ್ತಾರು ವರ್ಷ ಸುಖವಾಗಿ ಕಳೆದೆ. ನಮ್ಮವರ ಕೈಹಿಡಿದ ಮೇಲೆ (ಅವರು ಎಷ್ಟು ಒಳ್ಳೆಯವರೆಂದರೆ, ಬೇಡ, ಅದಕ್ಕೆ ಬೇರೆಯೇ ಪತ್ರ ಬೇಕು) ಭಾವ ಬೇರೆ, ಮೈದುನ ಬೇರೆ, ಓರಗಿತ್ತಿ ಬೇರೆ ಎಂದು ತಿಳಿಯಿತು. ಮದುವೆಯ ದಿನವೇ ಅತ್ತೆಯ ಅಕ್ಕನನ್ನು ಆಂಟಿ ಎಂದುಬಿಟ್ಟೆ. "ನಾನೇನು ಪಕ್ಕದ ಮನೆಯವಳಾ?" ಎಂದವರು ಇಂದಿಗೂ ನನ್ನೊಡನೆ ಮಾತಾಡಿಲ್ಲ. ಹಾಗಿರುವಾಗ ಅಜ್ಜಿಯ, ಎಂದರೆ ಮಾವನವರ ತಾಯಿಯ, ತೊಂಬತ್ತನೇ ಹುಟ್ಟುಹಬ್ಬದ ಊಟ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಬಾಗಿಲು ತೆರೆದು ನಲವತ್ತಮೂರು ನೆಂಟರನ್ನು ಹೆಸರಿಟ್ಟು, ಅಲ್ಲ, ವರಸೆಯಿಟ್ಟು ಕರೆಯಬೇಕಾದವಳು ನಾನು. ಆ್ಯಪ್ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ, ಯಾರು ನನಗೆ ಏನಾಗಬೇಕೆಂದು ಹೇಳುವ ಆ್ಯಪ್ ಒಂದನ್ನು ಬರೆದು, ಅದರ ಹೊಟ್ಟೆಯೊಳಗೆ ತಮ್ಮನ್ನು ಕೂರಿಸಿದೆ.

ತಮ್ಮನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಬೇರೆ ಡೇಟಾಬೇಸುಗಳು ಮನುಷ್ಯರನ್ನು ತರಕಾರಿಯಂತೆ ಹೆಚ್ಚಿ, ಹೆಸರು ಒಂದು ಪಟ್ಟಿಗೆ, ನಂಬರು ಇನ್ನೊಂದಕ್ಕೆ, ಸಂಬಂಧ ಮತ್ತೊಂದಕ್ಕೆ ಹಾಕುತ್ತವೆ. ತಾವಾದರೋ ಮನುಷ್ಯನನ್ನು ಇಡಿಯಾಗಿ, ಅವನು ಕೈಹಿಡಿದವರ ಸಮೇತ ಒಳಗೆ ಕರೆದುಕೊಳ್ಳುವ ಉದಾರಿಗಳು. ಸರ್ವರ್ ಬೇಡ, ಕಾವಲು ಬೇಡ, ತೂಕವಂತೂ ಇಲ್ಲವೇ ಇಲ್ಲ. ಮೂರು ವಾರ ಅಜ್ಜಿ ಅಡುಗೆಮನೆಯ ಸ್ಟೂಲಿನ ಮೇಲೆ ಬಟಾಣಿ ಸುಲಿಯುತ್ತ ಒಬ್ಬೊಬ್ಬರನ್ನೇ ಹೇಳಿದರು, ನಾನು ಸೇರಿಸಿದೆ. ಮೊದಲು ಬರೆಸಿದ್ದು ಹಿರಿಯ ಮಗನನ್ನು. ಅವರ ಫೋಟೋ ಸಿಗಲಿಲ್ಲ. ನಂಬರು ಮಾತ್ರ ಅಜ್ಜಿಗೆ ಬಾಯಿಪಾಠವಾಗಿತ್ತು.

ತಮ್ಮ ಸಣ್ಣಪುಟ್ಟ ಲೀಲೆಗಳನ್ನು ನಾನು ದೂರಿದವಳಲ್ಲ. ನಮ್ಮವರ ಹೊಸ ನಂಬರು ಹಾಕಿದಾಗ, ಅದೇ ಹೆಸರು, ಅದೇ ಮುಖ, ಗಲ್ಲದ ಮೇಲೆ ಅದೇ ಮಚ್ಚೆ ಇದ್ದರೂ, ಇನ್ನೊಮ್ಮೆ ಬಂದವರು ಬೇರೆಯವರೇ ಎಂದು ತೀರ್ಮಾನಿಸಿ ತಾವು ನನಗೆ ಎರಡನೆಯ ಗಂಡನನ್ನು ಕರುಣಿಸಿದಿರಿ. ಒಬ್ಬರು ಪಾತ್ರೆ ತೊಳೆಯಲಿ, ಇನ್ನೊಬ್ಬರು ನನ್ನ ಪಕ್ಕ ಕೂರಲಿ ಎಂದು ಸುಮ್ಮನಿದ್ದೆ. ಆ್ಯಪಿನಿಂದಲೇ ಎಲ್ಲರಿಗೂ ಕರೆಯೋಲೆ ಹೋಯಿತು.

ಊಟದ ದಿನ ಬೆಳಿಗ್ಗೆ ನಾದಿನಿ, ನಮ್ಮವರ ತಂಗಿ, ನನ್ನ ಹೆಗಲ ಮೇಲಿಂದ ಇಣುಕಿ, "ಅತ್ತಿಗೆ, ದೊಡ್ಡಪ್ಪನ್ನ ಯಾಕೆ ಸೇರಿಸಿದ್ದೀರ? ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಮೊದ್ಲು ತೆಗೀರಿ" ಎಂದಳು. ತಾತನ ಗೋಡೆಗಡಿಯಾರ ಯಾರ ಗೋಡೆಯ ಮೇಲಿರಬೇಕೆಂದು ಮಾವನವರಿಗೂ ಅವರ ಅಣ್ಣನಿಗೂ ಜಗಳವಂತೆ. ಆ ಗಡಿಯಾರ ಈಗ ನಡೆಯುವುದೂ ಇಲ್ಲ. ಹೊಸ ಸೊಸೆ ನಾನು, ಅಳಿಸಿದೆ.

ಒಬ್ಬರನ್ನು ಅಳಿಸಿದರೆ ಅವರಿಗೆ ಅಂಟಿದ್ದನ್ನೂ ಅಳಿಸು ಎಂಬ ಸಾಲನ್ನು ಬರೆದವಳು ನಾನೇ, ನಿಜ. ನಂಬರು, ಫೋಟೋ ಹೋಗಲಿ ಎಂಬಷ್ಟೇ ಅರ್ಥದಲ್ಲಿ. ಆದರೆ ತಮ್ಮ ವಿಧೇಯತೆ ಎಲ್ಲಿಯದು. ದೊಡ್ಡ ಮಗನಿಗೆ ಅಂಟಿದ್ದ ಅಜ್ಜಿ ಹೋದರು, ಅಜ್ಜಿಗೆ ಅಂಟಿದ್ದ ಮಾವನವರು, ಅವರ ಹಿಂದೆ ಅತ್ತೆ, ಅತ್ತೆಯ ಅಕ್ಕ, ನಮ್ಮವರು, ತೆಗೀರಿ ಎಂದ ನಾದಿನಿಯೂ ಹೋದಳು (ಅವಳಿಗಿನ್ನೂ ಹೇಳಿಲ್ಲ). ಉಳಿದವರು ಎರಡನೆಯ ನಮ್ಮವರು ಮಾತ್ರ. ಅವರಿಗೆ ಸಂಬಂಧದ ಗಂಟು ಹಾಕುವುದನ್ನು ನಾನು ಮರೆತಿದ್ದೆ. ಪಟ್ಟಿಯ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಕಿತ್ತಳೆಯ ಚೀಲ ಹಿಡಿದ ಅಪರಿಚಿತರೊಬ್ಬರು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದರು. ಫೋನು ಖಾಲಿ. ಬೇರೆ ದಾರಿಯಿಲ್ಲದೆ, ಜೀವನದಲ್ಲಿ ಮೊದಲ ಬಾರಿಗೆ ನಾನು ನೆಂಟರೊಬ್ಬರ ಮುಖ ನೋಡಿದೆ. ಮಾವನವರದೇ ಮೂಗು, ಅವರಿಗಿಂತ ಬಿಳಿಯ ಕೂದಲು. "ಬನ್ನಿ ದೊಡ್ಡ ಮಾವ" ಎಂದೆ, ಇಡೀ ಮನೆಗೆ ಕೇಳುವಂತೆ. ಆಮೇಲೆ ಯಾರನ್ನು ಕರೆದೆನೆಂದು ಹೊಳೆಯಿತು.

ನಾದಿನಿಯ ಕೈಯ ಸೌಟು ನಿಂತಿತು. ಮಾವನವರು ಶುಭ್ರವಾಗಿಯೇ ಇದ್ದ ಕನ್ನಡಕವನ್ನು ಒರೆಸತೊಡಗಿದರು. ಅಜ್ಜಿ ಮಾತ್ರ ತಲೆಯನ್ನೂ ಎತ್ತದೆ, "ಚಪ್ಪಲಿ ಅಲ್ಲೇ ಬಿಟ್ಟು ಬಾ. ಹನ್ನೊಂದು ವರ್ಷದಿಂದ ಊಟ ಆರ್ತಾ ಇದೆ" ಎಂದರು. ಆ ನಂಬರನ್ನು ಅವರು ಮೊದಲು ಬರೆಸಿದ್ದೇಕೆಂದು ಆಗ ತಿಳಿಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ಇನ್ನು ಮುಂದೆ ಯಾರನ್ನೇ ಅಳಿಸುವ ಮುನ್ನ ತಾವು ಅಡುಗೆಮನೆಯವರೆಗೆ ದಯಮಾಡಿಸಿ, ಸ್ಟೂಲಿನ ಮೇಲಿರುವ ಅಜ್ಜಿಯ ಒಪ್ಪಿಗೆ ಪಡೆಯತಕ್ಕದ್ದು. ನಾಳೆಯಿಂದ ಅವರು ಮತ್ತೆ ಬರೆಸುತ್ತಾರೆ. ಈ ಸಲ ನೋಟುಪುಸ್ತಕದಲ್ಲಿ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಈ ಮನೆಯ ಹೊಸ ಸೊಸೆ

ತಾ.ಕ.: ತಾವು ಉಳಿಸಿಕೊಟ್ಟ ಆ ಎರಡನೆಯವರನ್ನು, ಅಮ್ಮನಿಲ್ಲದ, ತಂಗಿಯಿಲ್ಲದ, ಒಬ್ಬ ನೆಂಟರೂ ಇಲ್ಲದ ನಮ್ಮವರನ್ನು, ನಾನಿನ್ನೂ ಅಳಿಸಿಲ್ಲ. ಇನ್ನು ಮುಂದೆ ನಾದಿನಿ ಬಂದು ಹೋದ ದಿನಗಳಲ್ಲಿ ಒಮ್ಮೆ ತೆರೆದು ನೋಡಿ ಮುಚ್ಚಿಡುತ್ತೇನೆ.